ಕ್ರಾಪಿ ಗಾಳದ ಕೋಳಿಗರಿ

"ನಿನ್ನ ಕೈಯಲ್ಲಿ ಮೀನು ನಿಲ್ಲೂದಿಲ್ಲ ಮಗಾ, ಅದು ಆಗೂ ಮಾತಲ್ಲ" ಅಂದಿದ್ದು ನಮ್ಮ ದೊಡ್ಡಪ್ಪ. ಮುಂದೆ ಹೇಳೋದನ್ನ ನಂಬೋದು ಬಿಡೋದು ನಿಮ್ಮಿಷ್ಟ. ನಾನಂತೂ ಕೈಯಾರೆ ಮುಟ್ಟಿದ್ದನ್ನೇ ಬರೀತಿದ್ದೀನಿ.

ನಮ್ಮದು ಗಂಗೊಳ್ಳಿಯ ಮೀನುಗಾರರ ಮನೆ. ಸದಾ ಬಾಯಲ್ಲಿ ಬೀಡಿ ಇರ್ತಿದ್ದ ಅಪ್ಪ ನನಗೆ ಗಾಳ ಮುಟ್ಟೋಕೂ ಬಿಡಲಿಲ್ಲ, ಮುಟ್ಟಿದರೆ ಕೈಗೇ ಏಟು. ಓದು ಅಂದರು, ಓದಿದೆ. ಕಷ್ಟಪಟ್ಟೇ ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅದನ್ನ ನೋಡೋಕೆ ಅಪ್ಪ ಇರಲಿಲ್ಲ. ಸಮುದ್ರಕ್ಕೆ ಹೋದವರು ವಾಪಸ್ ಬರಲೇ ಇಲ್ಲ.

ಹೋದ ವರ್ಷ ದೊಡ್ಡಪ್ಪ ಅಮೆರಿಕದ ಸುವಾನಿಯ ನಮ್ಮ ಮನೆಗೆ ಬಂದಿದ್ದರು. ಹತ್ತಿರದ ಸರೋವರದಲ್ಲಿ ಒಂದು ಕ್ಲಬ್ಬಿನವರ ರಾತ್ರಿ ಹೊತ್ತು ಕ್ರಾಪಿ ಅನ್ನೋ ಮೀನು ಹಿಡಿಯೋ ಸ್ಪರ್ಧೆ. ಮೊದಲ ಸಲ ಮೀನು ಹಿಡಿದವರಿಗೂ ಸರ್ಟಿಫಿಕೇಟ್. ದೊಡ್ಡಪ್ಪನ ಕಣ್ಣೆದುರೇ ಒಂದಾದರೂ ಹಿಡೀಬೇಕು ಅಂತ ನನಗೆ ಹಠ. ಮೀನುಗಾರನ ಮಗನಿಗೆ ಅಷ್ಟೂ ಆಗದಿದ್ದರೆ?

ಕ್ರಾಪಿ ಬಾಯಿ ಕಾಗದದ ಹಾಗೆ, ಜಗ್ಗಿದರೆ ಹರಿದುಹೋಗುತ್ತೆ. ಅದಕ್ಕೇ ಕೂದಲೆಳೆಯಂಥ ಲೈನ್, ಬಣ್ಣದ ಬಾಲ ಇರೋ ಕಡಲೆಬೀಜದಷ್ಟು ಕೊಕ್ಕೆ, ಜಿಗ್ ಅಂತಾರೆ, ಅದನ್ನ ತಗೊಂಡಿದ್ದೆ. ಮೀನು ಸೇರಲಿ ಅಂತ ನೀರಿಗೆ ಹಸಿರು ದೀಪ ಇಳಿಸಿದ್ದೆ.

"ಇದೆಂತ, ಬಟ್ಟೆ ಹೊಲಿಯೂಕೆ ಬಂದದ್ದಾ?" ದೊಡ್ಡಪ್ಪ ನಕ್ಕರು. "ಸೀಸದ ಗುಂಡು ಕಟ್ಟು ಮಾರಾಯ, ದಪ್ಪ ಲೈನ್ ಹಾಕು."

"ಇದು ಅರಬ್ಬಿ ಸಮುದ್ರ ಅಲ್ಲ ದೊಡ್ಡಪ್ಪ."

ಮೊದಲನೆಯದು ಕಚ್ಚಿದಾಗ ಗಾಬರಿಯಲ್ಲಿ ಜಗ್ಗಿಬಿಟ್ಟೆ. ತಪ್ಪಿಸಿಕೊಂಡಿತು. ಎರಡನೇ ಸಲ ಲೈನೇ ಪಟ್ ಅಂತ ತುಂಡಾಗಿ ಜಿಗ್ ನೀರುಪಾಲು.

"ನಾ ಎಂತ ಹೇಳಿದ್ದೆ?"

ಬರೀ ಲೈನ್ ಉಳಿದಿದ್ದ ಗಾಳದ ರಾಡನ್ನ, ನಾವು ಕೂತಿದ್ದ ಡಾಕಿನ, ಅಂದರೆ ನೀರಿನ ಮೇಲೆ ಚಾಚಿದ ಮರದ ಕಟ್ಟೆಯ, ಕಂಬಿಗಳ ನಡುವೆ ಸಿಕ್ಕಿಸಿ, ಜಿಗ್ ಡಬ್ಬಿ ತರೋಕೆ ಕಾರಿನ ಹತ್ತಿರ ಹೋದೆ. ವಾಪಸ್ ಬಂದಾಗ...

ಲೈನ್ ನೀರಲ್ಲಿತ್ತು. ಬಿಗಿಯಾಗಿ. ರಾಡಿನ ತುದಿ ನಡುಗ್ತಿತ್ತು.

ಸ್ಪರ್ಧೆಗೆ ಬಂದ ಬೇರೆಯವರೆಲ್ಲ ಆಚೆ ದಡದಲ್ಲಿ, ಆ ಡಾಕಿನಲ್ಲಿ ನಾವಿಬ್ಬರೇ. ದೊಡ್ಡಪ್ಪ ಕುರ್ಚಿಯಲ್ಲಿ ಗೊರಕೆ ಹೊಡೀತಿದ್ದರು. ರಾಡ್ ಎತ್ತಿಕೊಂಡೆ. ಎಲ್ಲಿಂದಲೋ ಬೀಡಿ ವಾಸನೆ... ಕಿವಿ ಪಕ್ಕದಲ್ಲೇ ಯಾರೋ ಮೆಲ್ಲಗೆ, "ಜಗ್ಗಬೇಡ... ಬರ್ಲಿ."

ಜಗ್ಗಲಿಲ್ಲ. ನಿಧಾನಕ್ಕೆ ಎತ್ತಿದೆ. ಅಂಗೈಯಗಲದ ಕ್ರಾಪಿ! ಅದರ ತುಟಿಯಲ್ಲಿ ಮಾತ್ರ ನನ್ನ ಜಿಗ್ ಇರಲಿಲ್ಲ. ನಮ್ಮೂರ ಕಡೆಯ ಹಾಗೆ ಬಿಳಿ ಕೋಳಿಗರಿ ಕಟ್ಟಿದ, ತುಕ್ಕು ಹಿಡಿದ ಕೊಕ್ಕೆ.

ಮುದುಕನದೇ ಆಟ ಇದು ಅನ್ನಿಸಿತು. ಊರಿಂದ ಜೇಬಲ್ಲಿ ತಂದಿರಬೇಕು, ನಿದ್ದೆ ಬರೀ ನಾಟಕ. ಆದರೆ ಲಕ್ವ ಹೊಡೆದ ಮೇಲೆ ಅವರ ಬಲಗೈ ಬೆರಳು ಮಡಚೋದೇ ಇಲ್ಲ. ಅವತ್ತು ಬೆಳಿಗ್ಗೆ ಅವರ ಅಂಗಿ ಗುಂಡಿ ಹಾಕಿದ್ದೂ ನಾನೇ. ಅಂಥವರು ಆ ಲೈನಿಗೆ ಗಂಟು ಹಾಕ್ತಾರಾ? ಇವತ್ತಿಗೂ ನನಗೆ ಅವರ ಮೇಲೇ ಅನುಮಾನ. ಅವರೇ ಆಗಿರಲಿ ಅನ್ನೋ ಆಸೆ.

ಕ್ಲಬ್ಬಿನವರು ಚಪ್ಪಾಳೆ ತಟ್ಟಿ ಸರ್ಟಿಫಿಕೇಟ್ ಕೊಟ್ಟರು. ನಾನು ಅದನ್ನ ದೊಡ್ಡಪ್ಪನ ಎಡಗೈಗಿಟ್ಟೆ, ಅವರ ಮುಖವನ್ನೇ ನೋಡ್ತಾ.

"ಯಾರು ಕಟ್ಟಿದ್ದು, ನಿಜ ಹೇಳಿ."

ಅವರು ಕಾಗದ ನೋಡಲಿಲ್ಲ. ಕೊಕ್ಕೆ ನೋಡಿದರು. ಮುಖದ ಮೇಲಿದ್ದ ನಗು ಹೋಯಿತು.

"ಇದು ನಿನ್ನಪ್ಪನ ಗಂಟು. ಬದುಕಿದ್ದಾಗ ನಿಂಗೆ ಗಾಳ ಮುಟ್ಟೂಕೆ ಬಿಟ್ಟವ ಅಲ್ಲ... ಈಗ ಎಂತಕ್ಕೆ ಕೊಟ್ಟ ಮಗಾ?"