ಬಿಳಿ ಹೆಲ್ಮೆಟ್ಟಿನ ಆಸೆ

ಸಂಡೂರಿನ ಗಣಿಯೊಂದರಲ್ಲಿ ಅದಿರಿನ ಲಾರಿಗಳನ್ನು ತೂಗುವುದು ನನ್ನ ಕೆಲಸವಾಗಿತ್ತು. ಓದಿದ್ದು ಹೈಸ್ಕೂಲಿನವರೆಗೆ. ನನ್ನ ಕ್ಯಾಬಿನ್ನಿನ ಮುಂದೆ ಮೈನಿಂಗ್ ಇಂಜಿನಿಯರು ಬಿಳಿ ಹೆಲ್ಮೆಟ್ ಹಾಕಿಕೊಂಡು ಜೀಪಿನಲ್ಲಿ ಹಾದುಹೋದರೆ ಎದ್ದು ನಿಲ್ಲುತ್ತಿದ್ದೆ. ಅವರು ನನ್ನ ಕಡೆ ನೋಡಿದ್ದು ಅಪರೂಪ. ಆ ಸೀಟಿನಲ್ಲಿ ನನ್ನ ಮಗ ಕೂರಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲೇ, ಆ ಕೆಂಪು ಧೂಳಿನಲ್ಲಿ.

ಮಗನ ಹುಚ್ಚು ಬೇರೆ. ಕಂಪ್ಲಿಯಲ್ಲಿ ಅವನ ಸೋದರಮಾವನ ಮೋಟರ್ ವೈಂಡಿಂಗ್ ಅಂಗಡಿಯಿತ್ತು. ಗದ್ದೆಯ ಪಂಪ್‌ಸೆಟ್ಟು, ರೈಸ್ ಮಿಲ್ಲಿನ ಮೋಟರು ಸುಟ್ಟರೆ ಅಲ್ಲಿಗೇ ಬರುತ್ತಿದ್ದವು. ರಜೆ ಬಂದರೆ ಹೊಸಪೇಟೆಯ ನಮ್ಮ ಮನೆಯಲ್ಲಿ ಅವನು ನಿಲ್ಲುತ್ತಿರಲಿಲ್ಲ. ಮಾವನ ಅಂಗಡಿಗೆ ಓಡಿ, ಮೋಟರಿನ ತಂತಿಗೆ ಹಚ್ಚುವ ವಾರ್ನಿಷ್ ವಾಸನೆ ಮೈತುಂಬ ಹೊತ್ತು ವಾಪಸ್ ಬರುತ್ತಿದ್ದ.

ಇಂಜಿನಿಯರಿಂಗ್ ಕಾಲೇಜಿನ ಸೀಟು ಆರಿಸುವ ಹಿಂದಿನ ಸಂಜೆ ಹೇಳಿದ, "ಯಪ್ಪಾ, ಎಲೆಕ್ಟ್ರಿಕಲ್ ತಗೋತೀನಿ."

"ಕಂಬ ಹತ್ತಾಕ ಇಂಜಿನಿಯರಿಂಗ್ ಯಾಕ ಬೇಕಲೇ?"

"ಕಂಬ ಹತ್ತೋದು ಲೈನ್‌ಮನ್. ಅದು ಬ್ಯಾರೆ."

"ಹಂಗಾರ ನಿಮ್ಮ ಮಾವನಂಗ ತಂತಿ ಸುತ್ಕಂತ ಕುಂದ್ರು."

"ನನ್ ತಮ್ಮನ ಸುದ್ದಿಗೆ ಬರಬ್ಯಾಡ್ರಿ" ಎಂದಳು ಹೆಂಡತಿ, ಅಡಿಗೆಮನೆಯಿಂದಲೇ.

ಸಿವಿಲ್ ಎಂದರೆ ನನ್ನ ಕಣ್ಣಿಗೆ ಡ್ಯಾಂ ಕಾಲೊನಿಯಲ್ಲಿ ಗೋಡೆ ಕಟ್ಟುವ ಮೇಸ್ತ್ರಿ ಬರುತ್ತಿದ್ದ. ಮೆಕ್ಯಾನಿಕಲ್ ಎಂದರೆ ಲಾರಿ ಕೆಳಗೆ ಮಲಗಿದ ಗ್ಯಾರೇಜಿನವನು. ಒಂದೊಂದು ಬ್ರಾಂಚಿಗೂ ನಾನು ಕಂಡ ಒಬ್ಬೊಬ್ಬನ ಮುಖ ಅಂಟಿಸಿಕೊಂಡಿದ್ದೆ. ಜೀಪು ಇದ್ದದ್ದು ಮೈನಿಂಗ್‌ನವರಿಗೆ ಮಾತ್ರ. "ಮೈನಿಂಗ್ ಆದ್ರ ಹೋಗು, ಇಲ್ಲಾಂದ್ರ ಕಾಲೇಜೇ ಬ್ಯಾಡ" ಎಂದೆ. ಮರುದಿನ ಅವನು ಮೈನಿಂಗ್ ಸೀಟನ್ನೇ ತೆಗೆದುಕೊಂಡು ಬಂದ.

ಅವನು ಕೊನೆಯ ವರ್ಷದಲ್ಲಿದ್ದಾಗ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ನನ್ನ ಕ್ಯಾಬಿನ್ನಿಗೂ ಬೀಗ ಬಿತ್ತು. ಓದು ಮುಗಿಸಿದ ಮಗ ಮಾವನ ಅಂಗಡಿಗೆ ಹೋಗತೊಡಗಿದ. ಕೆಲವು ವರ್ಷಗಳ ಮೇಲೆ ಒಂದಷ್ಟು ಗಣಿ ಮತ್ತೆ ಶುರುವಾದಾಗ ಅಲ್ಲಿ ಇಲ್ಲಿ ಹೋಗಿ ಕೆಲಸ ಕೇಳಿಬಂದ. ಇಷ್ಟು ವರ್ಷ ಏನು ಮಾಡಿದಿರಿ ಎಂದು ಎಲ್ಲರೂ ಕೇಳಿದರಂತೆ. ಮೋಟರ್ ಸುತ್ತಿದೆ ಎನ್ನದೆ ಬೇರೆ ದಾರಿ ಇರಲಿಲ್ಲ. ಆ ಕೆಲಸಗಳಿಗೆ ಹೊಸದಾಗಿ ಓದಿ ಬಂದ ಹುಡುಗರನ್ನು ತೆಗೆದುಕೊಂಡರು.

ಅವನು ಮಾವನ ಅಂಗಡಿಯಲ್ಲೇ ಉಳಿದ. "ಇಂಜಿನಿಯರ್ ಸಾಹೇಬ್ರ, ನಮ್ ಮೋಟರಿಗೆ ಯಾವಾಗ ಮುಹೂರ್ತ?" ಎಂದು ಗಿರಾಕಿಗಳು ನಗುತ್ತಾರೆ. ಅವನೂ ನಗುತ್ತಾನೆ.

ಹೋದ ಬೇಸಿಗೆಯಲ್ಲಿ ಕಂಪ್ಲಿಯ ಒಂದು ದೊಡ್ಡ ರೈಸ್ ಮಿಲ್ಲಿನಲ್ಲಿ ಕರೆಂಟಿನ ವ್ಯವಹಾರವೆಲ್ಲ ನೋಡಿಕೊಳ್ಳುವ ಕೆಲಸವೊಂದು ಬಂತು. ಅವನಿಗೆಂದೇ ಮಾಡಿದಂಥ ಕೆಲಸ. ಅವನು ಬೇಡವೆಂದರೂ ನಾನು ಜೊತೆಗೆ ಹೋದೆ.

"ಕುಂದ್ರಿ ಯಜಮಾನ್ರ" ಎಂದರು ಮಾಲೀಕರು. "ನಿಮ್ ಹುಡುಗನ ಕೈ ಭಾಳ ಚಲೋ ಐತಿ." ಆಮೇಲೆ ಸರ್ಟಿಫಿಕೇಟ್ ತೆರೆದು ನೋಡಿದರು. "ಇದು ಗಣಿ ಓದಿದ್ದಲ್ರಿ? ನಮಗ ಎಲೆಕ್ಟ್ರಿಕಲ್ ಓದಿದವ್ರು ಬೇಕು. ನಾಳೆ ತಪಾಸಣಿಗೆ ಬಂದವ್ರು ಕೇಳಿದ್ರ ಏನ್ ತೋರಿಸ್ಲಿ?"

ನಾನು ಎದ್ದು ಕೈಮುಗಿದೆ. "ತಪ್ಪು ನಂದ್ರಿ, ಅವಂದಲ್ಲ. ಅವಾ ಎಲೆಕ್ಟ್ರಿಕಲ್ಲೇ ಕೇಳಿದ್ದ. ನಾನ ಬಿಡಲಿಲ್ಲ." ಹೇಳುತ್ತಾ ಹೇಳುತ್ತಾ ಅಳು ಬಂತು. ಚೀಲ ಹೊರುತ್ತಿದ್ದ ಹಮಾಲರು ನಿಂತು ನೋಡಿದರು.

"ಅದು ನಿಮ್ ಮನಿ ಮಾತು ಬಿಡ್ರಿ" ಎಂದು ಮಾಲೀಕರು ಬೇರೆ ಕಡೆ ಮುಖ ಮಾಡಿದರು. ಮಗ ಮೇಜಿನ ಮೇಲಿನ ಕಾಗದಗಳನ್ನು ಎತ್ತಿಕೊಂಡು ಹೊರಗೆ ನಡೆದ.

ಬಸ್‌ಸ್ಟ್ಯಾಂಡಿನವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಅಲ್ಲಿ, ನನ್ನ ಕಡೆ ನೋಡದೆಯೇ, ಮೆಲ್ಲಗೆ ಅಂದ, "ಅವತ್ತೂ ನೀನ ಮಾತಾಡಿದಿ. ಇವತ್ತೂ ನೀನ. ಇನ್ನ ಮ್ಯಾಲ ನನ್ ಸಲುವಾಗಿ ಯಾರ್ ಮುಂದೂ ಮಾತಾಡಬ್ಯಾಡ ಯಪ್ಪಾ."

ಆಮೇಲೆ ನಾನು ಯಾರ ಮುಂದೆಯೂ ಅವನ ಮಾತು ಎತ್ತಿಲ್ಲ. ಅವನೊಂದಿಗೆ ಮಾತನಾಡಲಿಕ್ಕೂ ಬಾಯಿ ಬರುವುದಿಲ್ಲ. ಬೆಳಿಗ್ಗೆ ಅವನು ಕಂಪ್ಲಿ ಬಸ್ಸಿಗೆ ಹೊರಟಾಗ ಬುತ್ತಿ ಮರೆತದ್ದು ಕಂಡರೂ ಕೂಗುವುದಿಲ್ಲ. ಒಳಗೆ ಹೋಗಿ ಹೆಂಡತಿಗೆ ಹೇಳುತ್ತೇನೆ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಅವನು ಓಣಿ ದಾಟಿರುತ್ತಾನೆ.