ಹಾಜರಿಯ ಹಾಡು

ಆ ವರ್ಷವನ್ನು ನೆನೆದರೆ ಅದೆಲ್ಲ ಒಂದೇ ಉದ್ದನೆಯ ಮಧ್ಯಾಹ್ನವಾಗಿತ್ತು ಎನಿಸುತ್ತದೆ. ಗಂಗಾವತಿ ಕಡೆಯ ನಮ್ಮ ಊರು, ಗದ್ದೆಯ ನೀರಿನ ಮೇಲೆ ಅಲುಗಾಡುವ ಬಿಸಿಲು, ಒಂಟಿ ಕಾಲಿನ ಬೆಳ್ಳಕ್ಕಿಗಳು, ಕಣದ ಕಡೆಯಿಂದ ತೇಲಿ ಬರುವ ಪೇಟಿಯ ಸ್ವರ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎನ್ನುತ್ತಾರೆ. ಅಕ್ಕಿ ಆರಿಸುತ್ತ ಕೂತಿದ್ದ ನನ್ನ ಕೈ ಆ ಸ್ವರ ಕೇಳಿದ ಕೂಡಲೇ ನಿಂತುಬಿಡುತ್ತಿತ್ತು. ಅನ್ನದಲ್ಲಿ ಕಲ್ಲು ಸಿಕ್ಕಿ ಅತ್ತೆಯಿಂದ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ.

ದೊಡ್ಡ ಯುದ್ಧ ಮುಗಿದಿತ್ತು. ನಮ್ಮ ಮನೆಯವರು ಬರ್ಮಾದಿಂದ ತಿರುಗಿ ಬಂದಿದ್ದರು. ಮೈಮೇಲೆ ಒಂದು ಗಾಯವಿರಲಿಲ್ಲ. ಉಣ್ಣುತ್ತಿದ್ದರು, ಎತ್ತಿಗೆ ನೀರು ಕುಡಿಸುತ್ತಿದ್ದರು, ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಿದ್ದರು. ಆದರೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಹೆತ್ತ ತಾಯಿ ಕರೆದರೂ ಅಷ್ಟೇ. ಆ ಹೆಸರಿನವನು ಬೇರೆ ಯಾರೋ, ಅವನು ಬರಲಿ ಎನ್ನುವ ಹಾಗೆ ನಿಂತಿರುತ್ತಿದ್ದರು. ಊರಿನವರು ಗಾಳಿ ಸೋಂಕು ಎಂದರು, ತಾಯಿತ ಕಟ್ಟಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈಹಿಡಿದ ಗಂಡ ಎದುರಿಗೇ ಇದ್ದೂ ಇಲ್ಲದ ಹಾಗಿದ್ದರೆ ಯಾರ ಮೇಲೆ ಸಿಟ್ಟು ಮಾಡುವುದು?

ಕಾರಣ ಹೇಳಿದವನು ಅವರ ಜೊತೆ ಪಲ್ಟನ್ನಿನಲ್ಲಿದ್ದ ಕುಷ್ಟಗಿ ಕಡೆಯ ಗೆಳೆಯ. ಎಡಗೈಯನ್ನು ಬರ್ಮಾದಲ್ಲೇ ಬಿಟ್ಟು ಬಂದಿದ್ದ. ಬಾಯಿ ಮಾತ್ರ ಎರಡಾಗಿತ್ತು.

"ತಂಗೀ, ಒಂದಿನ ಲಡಾಯಿ ಮುಗದ ಮ್ಯಾಲ ಹಾಜರಿ ಕರದ್ರು ನೋಡವ್ವಾ. ಹೆಸರ ಮ್ಯಾಲ ಹೆಸರ ಕರೀತಾರ, ಒಬ್ಬನೂ ಹಾಜರ್ ಅನ್ನವಲ್ಲ. ಯಾರ ಅನ್ಬೇಕು, ಎಲ್ಲಾರೂ ಮಣ್ಣಾಗ ಮಲಗ್ಯಾರ. ಆಮ್ಯಾಲ ಇವನ ಹೆಸರ ಬಂತು. ನನ್ನ ಬಾಜೂಕ ನಿಂತಾನ, ಬಾಯಿ ತಗೀಲಿಲ್ಲ. ಅವತ್ತಿಂದ ಹಿಂಗ ಅದಾನ."

ನಾಟಕದ ಹುಚ್ಚು ಹಚ್ಚಿದವನೂ ಅವನೇ. ಪಲ್ಟನ್ ಸೇರುವ ಮೊದಲು ಪೇಟಿ ಮಾಸ್ತರನಾಗಿದ್ದ. ಈಗ ಬಾರಿಸಲು ಬಲಗೈ ಉಂಟು, ಹಿಂದಿನ ತಿದಿ ಒತ್ತಿ ಗಾಳಿ ತುಂಬಲು ಕೈಯಿಲ್ಲ. ಕೊಪ್ಪಳದಿಂದ ಒಂದು ಹಳೆಯ ಪೇಟಿ ತಂದು, ನಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದಿಯ ಕೆಲಸ ಕೊಟ್ಟ. ಇವರ ಗಾಳಿ, ಅವನ ಬೆರಳು. ಮೊದಮೊದಲು ಸ್ವರ ಬಿಕ್ಕಳಿಸುತ್ತಿತ್ತು. ಬರುಬರುತ್ತ ಇಬ್ಬರ ಉಸಿರೂ ಒಂದಾಯಿತು. ಯಲಬುರ್ಗಾ ಕಡೆಯ ಕುಂಟನೊಬ್ಬ, ಗುಡುಗಿನಂಥ ಗಂಟಲಿನವನು, ಸುಬೇದಾರನ ಪಾತ್ರಕ್ಕೆ ಬಂದ. ಇನ್ನೂ ನಾಲ್ಕು ಮಂದಿ ತಿರುಗಿ ಬಂದ ಸಿಪಾಯಿಗಳು ಸೇರಿದರು. ರಾಜ, ರಾಣಿ, ರಾಕ್ಷಸ ಯಾರೂ ಇಲ್ಲದ ನಾಟಕ. ತಮ್ಮ ಕಥೆಯನ್ನೇ ಹಾಡಿಗೆ ಕೂರಿಸಿ, ತಮ್ಮ ಹೆಸರುಗಳನ್ನೇ ಇಟ್ಟುಕೊಂಡಿದ್ದರು.

ಕೊನೆಯಲ್ಲಿ ಹಾಜರಿಯ ದೃಶ್ಯ. ಸುಬೇದಾರ ಹೆಸರು ಕರೆಯುತ್ತಾನೆ. ಬದುಕಿದವನು "ಹಾಜರ್" ಎಂದು ತನ್ನ ಊರಿನ ಮೇಲೆ ಒಂದು ನುಡಿ ಹಾಡಬೇಕು. ಸತ್ತವರ ಹೆಸರನ್ನು ಸುಬೇದಾರ ಮೂರು ಸಲ ಕರೆದು, ಕೈಯಲ್ಲಿದ್ದ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೀಟು ಎಳೆಯಬೇಕು. ತಾಲೀಮಿನಲ್ಲಿ ದಿನಾ ನಮ್ಮವರ ಹೆಸರು ಕರೆಯುತ್ತಿದ್ದರು. ಅವರು ತಲೆ ಎತ್ತದೆ ತಿದಿ ಒತ್ತುತ್ತಿದ್ದರು.

ಬುತ್ತಿ ಒಯ್ದಾಗ ಒಮ್ಮೆ ಪೇಟಿ ಮಾಸ್ತರನಿಗೆ ಹೇಳಿಯೇಬಿಟ್ಟೆ. "ಅಣ್ಣಾ, ಆ ಹೆಸರೊಂದು ಬಿಟ್ಟಬಿಡ್ರಿ. ಮಂದ್ಯಾಗ ನಗಿಪಾಟ್ಲ ಆಗೋದು ಬ್ಯಾಡ."

"ಬಿಟ್ರ ಅವನ್ನ ಸತ್ತವರ ಸಾಲಿಗೆ ಹಾಕಿದಂಗ ಆಗ್ತೈತೆವ್ವಾ. ನೀ ಒಮ್ಮಿ ಕರದ ನೋಡೀಯೇನು?"

ನಾನು ನಾಲಿಗೆ ಕಚ್ಚಿಕೊಂಡೆ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮದು. ಮದುವೆಮನೆಯಲ್ಲಿ ಬಾಗಿಲು ತಡೆದು ಕಾಡಿದರೆ ಮಾತ್ರ ಒಡಪು ಹಾಕಿ, ಪದದ ನಡುವೆ ಬಚ್ಚಿಟ್ಟು ಹೇಳಬೇಕು. ಅತ್ತೆ ಈ ವಿಷಯದಲ್ಲಿ ಬಲು ಬಿಗಿ. "ನನ್ನ ಮಗ ಬರ್ಮಾದಾಗ ಉಳದದ್ದು ಯಾಕ ಗೊತ್ತೈತೇನು? ನಿನ್ನ ಬಾಯಿ ಭದ್ರ ಇತ್ತು, ಅದಕ್ಕ" ಎನ್ನುತ್ತಿದ್ದರು. ನಾನೂ ಅದನ್ನು ನಂಬಿದ್ದೆ, ಒಳಗೊಳಗೇ ಬೀಗಿದ್ದೆ ಕೂಡ.

ಆಗ ಸೀಮೆಎಣ್ಣೆ ಕಂಟ್ರೋಲಿನಲ್ಲಿತ್ತು, ದೀಪಕ್ಕೇ ಸಾಲದು. ಹಾಗಾಗಿ ನಾಟಕ ಹಗಲಿನಲ್ಲೇ ಆಯಿತು. ಹಗಲ ಬೆಳಕಿನಲ್ಲಿ ನಾಟಕ ಯಾರು ನೋಡುತ್ತಾರೆ ಎಂದು ನಕ್ಕವರೇ ಮೊದಲು ಬಂದು ಮುಂದೆ ಕೂತರು. ಸಿದ್ದಾಪುರದಿಂದಲೂ ಬಂಡಿ ಕಟ್ಟಿಕೊಂಡು ಬಂದಿದ್ದರು. ನಾವು ಹೆಂಗಸರು ಬೇವಿನ ಮರದ ಕೆಳಗೆ ಕೂತೆವು. ಇಳಿಬಿಸಿಲು ಕಣದ ಧೂಳಿಗೆಲ್ಲ ಅರಿಸಿನ ಬಳಿದಿತ್ತು. ಪೇಟಿ ನುಡಿಯಿತು, ಒಬ್ಬೊಬ್ಬರೇ ಹಾಡಿದರು. ಕೇಳುತ್ತ ಕೇಳುತ್ತ ನಾನು ಎಲ್ಲಿ ಕೂತಿದ್ದೇನೆಂಬುದೇ ಮರೆತುಹೋಯಿತು.

ಆಮೇಲೆ ನಮ್ಮವರ ಹೆಸರು ಬಂತು. ತಿದಿ ಒತ್ತುವ ಕೈ ನಿಲ್ಲಲಿಲ್ಲ. ಎರಡನೆಯ ಸಲ ಕರೆದಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸುಬೇದಾರ ಮೂರನೆಯ ಸಲವೂ ಕರೆದ. ಪುಸ್ತಕ ತೆರೆದು ಸೀಸದ ಕಡ್ಡಿ ಎತ್ತಿದ. ಅದು ನಾಟಕದ ಪುಸ್ತಕ ಎಂದು ನನಗೆ ಗೊತ್ತಿತ್ತು. ಆದರೂ ಆ ಗೀಟು ಬಿದ್ದರೆ ಇವರು ನನಗೆ ಎಂದೆಂದಿಗೂ ಸಿಗುವುದಿಲ್ಲ ಎನಿಸಿತು.

ಎದ್ದು ನಿಂತು ಕರೆದೆ. ಒಡಪು ಕಟ್ಟಲು ಪುರಸೊತ್ತೆಲ್ಲಿತ್ತು? ಬರೀ ಹೆಸರು, ಹೊಲದಾಚೆಗೆ ಕೇಳುವಷ್ಟು ಜೋರಾಗಿ.

ತಿದಿ ನಿಂತಿತು. ಗಾಳಿ ತೀರಿ ಪೇಟಿಯ ಸ್ವರ ಸಣ್ಣಗಾಗುತ್ತ ಹೋಯಿತು. ನಮ್ಮವರು ತಿರುಗಿ ಬೇವಿನ ಮರದ ಕಡೆ ನೋಡಿದರು. ತುಟಿ ಅಲುಗಿತು, ದನಿ ಬರಲಿಲ್ಲ.

ಯಾರೋ ನನ್ನ ಸೆರಗು ಜಗ್ಗಿದರು. ನೋಡಿದರೆ ಅತ್ತೆ. ಮಗನ ಆಯುಷ್ಯವನ್ನು ಮಂದಿಯೆದುರು ಹರಾಜಿಗಿಟ್ಟ ಸೊಸೆ ನಾನು; ಕಪಾಳಕ್ಕೆ ಬಿತ್ತು ಎಂದುಕೊಂಡು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ.

"ಇನ್ನೊಮ್ಮಿ ಕರಿ, ನನ್ನವ್ವಾ" ಎಂದರು ಅತ್ತೆ.

ಕರೆದೆ.

ಅವರು ಸುಬೇದಾರನನ್ನು ನೋಡಲಿಲ್ಲ, ಮಂದಿಯನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತ ಎದ್ದು ನಿಂತು, "ಹಾಜರ್" ಎಂದರು.