ಕಿಟಕಿಯಾಚೆಯ ಬೆಂಚು

ಬಾಯಾರ ಎಡಗೈಯ ಬಳೆಗಳ ನಡುವೆ ಯಾವಾಗಲೂ ಎರಡು ಬಸ್ ಟಿಕೇಟುಗಳು ಇರುತ್ತಿದ್ದವು. ಬೀಡಿಯಷ್ಟು ಸಣ್ಣಗೆ ಸುತ್ತಿ ಸಿಕ್ಕಿಸಿದ್ದು. ಒಂದು ನರಗುಂದದಿಂದ ರೋಣಕ್ಕೆ, ಇನ್ನೊಂದು ರೋಣದಿಂದ ಗಜೇಂದ್ರಗಡಕ್ಕೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಆ ರೂಢಿ ಬಿಡಲಿಲ್ಲ. ಸಂಜೆ ಕಚೇರಿ ಮುಗಿದ ಮೇಲೆ ಅವನ್ನು ಕಸದ ಬುಟ್ಟಿಗೆ ಹಾಕಿ, "ಬಂದದ್ದು ಮುಗೀತು, ಇನ್ನ ಹೋಗೂದು" ಅನ್ನುತ್ತಿದ್ದರು.

ಗಜೇಂದ್ರಗಡದ ನಮ್ಮ ಕಚೇರಿಯಲ್ಲಿ ಹೊಲದ ದಾಖಲೆಗಳ ವಿಭಾಗ ಅವರದು. ಸಾಹೇಬರಿಂದ ಹಿಡಿದು ಚಹಾ ತರುವವನ ತನಕ ಎಲ್ಲರಿಗೂ ಅವರು ಬಾಯಾರು. ನಾನು ರೋಣದವಳು, ಹೊಸದಾಗಿ ನೌಕರಿಗೆ ಸೇರಿ ಅವರ ಕೈಕೆಳಗೆ ಕಲಿಯಲು ಬಂದವಳು. ಮೊದಲ ದಿನ ಉತ್ಸಾಹದಿಂದ ಕಂಪ್ಯೂಟರಿನ ಮುಂದೆ ಕೂಡಲು ಹೋದರೆ ತಡೆದರು.

"ಹೊರಗ ಕೂಡ್ರಿ. ಕಿಟಕಿ ಆಚೆ ಬೆಂಚ್ ಐತಲ್ಲ, ಅಲ್ಲಿ, ಮಂದಿ ಜೋಡಿ."

ನನಗೆ ಮೈಯೆಲ್ಲ ಉರಿಯಿತು. ಓದಿ, ಪರೀಕ್ಷೆ ಪಾಸು ಮಾಡಿ ಬಂದವಳು ಅರ್ಜಿದಾರರ ಸಾಲಿನಲ್ಲಿ ಕೂಡಬೇಕೇ? ಏಕೆಂದು ಕೇಳಿದ್ದಕ್ಕೆ ಅವರು ತಲೆ ಎತ್ತದೆ ಹೇಳಿದರು: "ಕಿಟಕಿಗೆ ಬಂದು ಒಂದು ಕೇಳ್ತಾರ್ರಿ. ಅವರಿಗೆ ಖರೇ ಏನ್ ಬೇಕಾಗೇತಿ ಅನ್ನೂದನ್ನ ಬೆಂಚಿನ ಮ್ಯಾಲೆ ಮಾತಾಡಿರ್ತಾರ."

ಮುಖ ಗಂಟು ಹಾಕಿಕೊಂಡು ವಾರವಿಡೀ ಕೂತೆ. ಒಂದು ದಿನ ಲಕ್ಕಲಕಟ್ಟಿಯ ಅಜ್ಜಿಯೊಬ್ಬಳು ಪಕ್ಕಕ್ಕೆ ಬಂದು ಕೂತಳು. ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತಾರೆ. ಅಜ್ಜಿ ಆಗಾಗ ಬಂದು ತನ್ನ ಹೊಲದ ಉತಾರ ತೆಗೆಸಿಕೊಂಡು ಹೋಗುವವಳು. ಮತ್ತೆ ಮತ್ತೆ ಯಾಕೆ ಬೇಕು ಎಂದು ಮಾತಿಗೆ ಕೇಳಿದೆ.

"ಯಜಮಾನ ಹೋಗಿ ವರ್ಷದ ಮ್ಯಾಲಾತವ್ವ. ಉತಾರದಾಗ ನನ್ನ ಹೆಸರು ಬಂತೇನಂತ ನೋಡಾಕ ಬರ್ತೀನಿ. ಬಸ್ ಸ್ಟ್ಯಾಂಡಿನ್ಯಾಗ ಯಾರರೆ ಓದಿ ಹೇಳ್ತಾರ. ಇನ್ನೂ ಅವರ ಹೆಸರ ಐತಂತ."

ಗಂಡ ತೀರಿಕೊಂಡರೆ ಹೆಸರು ತಾನಾಗಿ ಬದಲಾಗುತ್ತದೆ ಎಂದು ಆಕೆ ನಂಬಿದ್ದಳು. ಹೊಲವನ್ನು ತನ್ನ ಹೆಸರಿಗೆ ವಾರಸಾ ಮಾಡಿಸಲು ಅರ್ಜಿ ಕೊಡಬೇಕೆಂದು ಯಾರೂ ಹೇಳಿರಲಿಲ್ಲ. ಕಿಟಕಿಯಲ್ಲಿ ಆಕೆ ಉತಾರ ಕೇಳುತ್ತಿದ್ದಳು, ಒಳಗಿನವರು ಉತಾರ ಕೊಡುತ್ತಿದ್ದರು. ನಾನು ಎದ್ದು ಒಳಗೆ ಓಡಿದೆ. ಬಾಯಾರು ಪೂರ್ತಿ ಕೇಳಿಸಿಕೊಂಡು, ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಊಟದ ಚೀಲ ತೆಗೆದಿಟ್ಟರು.

"ಈಗ ಒಳಗ ಬಾ ತಂಗಿ" ಅಂದರು. ಅವತ್ತಿನಿಂದ ನನಗೆ 'ರಿ' ಹಚ್ಚಲಿಲ್ಲ.

ಬಾಯಾರಿಗೆ ಬೇಕಾಗಿದ್ದುದು ಒಂದೇ, ನರಗುಂದಕ್ಕೆ ವರ್ಗ. ಗಂಡ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಓಣಿಯವರ ಆಸರೆಯಲ್ಲಿ ಬೆಳೆಯುತ್ತಿದ್ದಳು. "ಆಕಿ ಏಳೂದ್ರೊಳಗ ನಾ ಬಸ್ಸಿನ್ಯಾಗ, ನಾ ಮನಿ ಮುಟ್ಟೂದ್ರೊಳಗ ಆಕಿ ನಿದ್ದಿಗಣ್ಣಿನ್ಯಾಗ. ಎಸ್ಸೆಸ್ಸೆಲ್ಸಿಗರೆ ಜೋಡಿ ಇರಬೇಕಂತೀನಿ" ಅನ್ನುತ್ತಿದ್ದರು.

ಆ ಹೊತ್ತಿಗೆ ಮೊಬೈಲಿನಲ್ಲಿ ತರಬೇತಿ ಬಂತು. ವಿಡಿಯೋ ನೋಡಬೇಕು, ಪ್ರಶ್ನೆಗೆ ಉತ್ತರ ಒತ್ತಬೇಕು, ಪ್ರಮಾಣಪತ್ರ ಪಡೆಯಬೇಕು. ನಮ್ಮವರು ಮೊಬೈಲುಗಳನ್ನೆಲ್ಲ ಚಾರ್ಜಿಗೆ ಹಾಕಿ ಕಪಾಟಿನ ಮೇಲೆ ಸಾಲಾಗಿ ಒರಗಿಸಿಬಿಟ್ಟರು. ಸಮಯದ ಸದ್ಬಳಕೆ ಕುರಿತು ಒಬ್ಬ ಮಹಾಶಯ ಗೋಡೆಗೆ ಪಾಠ ಹೇಳುತ್ತಿದ್ದ. ಉತ್ತರಗಳು ವಾಟ್ಸಾಪಿನಲ್ಲಿ ಬರುತ್ತಿದ್ದವು, ಎಲ್ಲರೂ ಪಾಸು.

ಬಾಯಾರು ಮಾತ್ರ ಬಸ್ಸಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಲ್ಲವನ್ನೂ ನೋಡಿದರು. ಪ್ರಮಾಣಪತ್ರ ಕಂಡರೆ ವರ್ಗದ ಅರ್ಜಿಗೆ ತೂಕ ಬಂದೀತು ಎಂಬ ಆಸೆ. ಸಾಹೇಬರು ನೋಡಿ ಬಹಳ ಖುಷಿಪಟ್ಟರು, ಶಾಲು ಹೊದಿಸಿದರು, ತಾಲೂಕಿನ ಹೊಸಬರಿಗೆಲ್ಲ ತರಬೇತಿ ಕೊಡುವವರು ಇವರೇ ಎಂದು ಸಾರಿದರು.

"ಇಷ್ಟೆಲ್ಲಾ ಕಲ್ತವರನ್ನ ಬಿಟ್ಟರ ನನ್ನ ಆಫೀಸ್ ನಡಿಯೂದು ಹ್ಯಾಂಗ್ರಿ ಬಾಯಾರ? ಒಬ್ಬರನ್ನ ತಯಾರ್ ಮಾಡ್ರಿ, ಬಿಟ್ಟಬಿಡ್ತೀನಿ."

ತಯಾರು ಮಾಡುವುದರಲ್ಲೇ ಅವರು ಸಿಕ್ಕಿಬಿದ್ದಿದ್ದರು. ನನಗಿಂತ ಮುಂಚೆ ಅವರ ಬೆಂಚಿನಿಂದ ಎದ್ದವರು ಇಲಾಖೆಯ ಪರೀಕ್ಷೆ ಪಾಸಾಗಿ, ಬಡ್ತಿ ಪಡೆದು ಗದಗಿಗೋ ಹುಬ್ಬಳ್ಳಿಗೋ ಹೋಗಿದ್ದರು. ಅಷ್ಟು ಚೆನ್ನಾಗಿ ಕಲಿತವರು ಆ ಕುರ್ಚಿಯಲ್ಲಿ ಯಾಕೆ ಉಳಿದಾರು? ಸಿಟ್ಟಿಗೆ ನಾನು ಒಮ್ಮೆ ಹೇಳಿಯೇಬಿಟ್ಟೆ: "ಅರ್ಧಾ ಕಲಸ್ರಿ ಬಾಯಾರ. ಅರ್ಧಾ ಕಲ್ತವರು ಎಲ್ಲೂ ಹೋಗಂಗಿಲ್ಲ. ನೀವು ಹೋಗಬಹುದು."

ಅವರು ನಕ್ಕರು. "ಅರ್ಧಾ ಕಲ್ತವರನ್ನ ಇಲ್ಲಿ ಕುಂಡ್ರಿಸಿದರ ಆ ಲಕ್ಕಲಕಟ್ಟಿ ಅಜ್ಜಿ ಮತ್ತ ಉತಾರಕ್ಕ ಅಡ್ಡಾಡ್ತಾಳ. ಅದು ನನ್ನ ಕೈಲೆ ಆಗಂಗಿಲ್ಲವ್ವ."

ಮಗಳ ಎಸ್ಸೆಸ್ಸೆಲ್ಸಿ ಮುಗಿಯಿತು, ಪಿಯುಸಿಯೂ ಮುಗಿಯಿತು. ನನಗೆ ಮಗು ಆಯಿತು. ಪರೀಕ್ಷೆಗೆ ಕೂಡುವ ಯೋಚನೆ ಬಿಟ್ಟು ಗಜೇಂದ್ರಗಡದಲ್ಲೇ ಉಳಿದೆ. ಹಾಗೆ ಉಳಿದವಳು ಒಬ್ಬಳು ಸಿಕ್ಕಳೆಂದು ಕೊನೆಗೆ ಬಾಯಾರ ವರ್ಗದ ಆದೇಶ ಬಂತು. ಓಡಿಹೋಗಿ ಪೇಡೆ ತಂದೆ. ಅವರು ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ಮಗಳನ್ನು ಧಾರವಾಡದ ಹಾಸ್ಟೆಲಿಗೆ ಬಿಟ್ಟು ಬಂದು ಇನ್ನೂ ವಾರವಾಗಿರಲಿಲ್ಲ.

"ಈಗ ಲಗೂ ಮನಿಗೆ ಹೋಗಿ ಯಾರ ಮಾರಿ ನೋಡ್ಲಿ ತಂಗಿ?" ಅಂದರು.

ಸಂಜೆ ಅವರೇ ಎದ್ದು, ಬಳೆಯಿಂದ ಟಿಕೇಟು ತೆಗೆದು ಬುಟ್ಟಿಗೆ ಹಾಕಿದರು. ಅವತ್ತು ಏನೂ ಅನ್ನಲಿಲ್ಲ.

ಈಗ ಅವರು ನರಗುಂದದಲ್ಲಿದ್ದಾರೆ, ನಾನು ಅವರ ಕುರ್ಚಿಯಲ್ಲಿದ್ದೇನೆ. ಕಿಟಕಿಗೆ ಬಂದವರ ಪ್ರಶ್ನೆಯ ಹಿಂದಿನ ಪ್ರಶ್ನೆ ನನಗೆ ಕೇಳಿಸುತ್ತದೆ ಎಂದರೆ ಅದು ಅವರ ಋಣ, ತೀರುವಂಥದ್ದಲ್ಲ. ಅಷ್ಟು ಕಲಿಸಿ ಈ ಕುರ್ಚಿಗೆ ಕಟ್ಟಿಹಾಕಿದರೆಂದು ಅವರ ಮೇಲೆ ಸಿಟ್ಟೂ ಇದೆ. ನನ್ನ ಮಗ ರೋಣದಲ್ಲಿ ಈ ವರ್ಷ ಶಾಲೆಗೆ ಸೇರಿದ. ಅವನ ಜೊತೆ ಇರಬೇಕು, ರೋಣಕ್ಕೆ ವರ್ಗ ಕೊಡಿ ಎಂದು ಕೇಳಿದೆ. ಈಗಿನ ಸಾಹೇಬರು ಬೇರೆಯವರು, ಮಾತು ಅದೇ: "ಒಬ್ಬರನ್ನ ತಯಾರ್ ಮಾಡ್ರಿ."

ಈ ಸೋಮವಾರ ಅಸೂಟಿಯ ಹುಡುಗಿಯೊಬ್ಬಳು ಕೆಲಸಕ್ಕೆ ಬಂದಳು. ಚುರುಕು ಕಣ್ಣು, ಇಲಾಖೆಯ ಪರೀಕ್ಷೆಯ ಪುಸ್ತಕ ಆಗಲೇ ಚೀಲದಲ್ಲಿತ್ತು. ಇವಳು ಉಳಿಯುವವಳಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಗುಂಡಿ ಒತ್ತುವುದನ್ನಷ್ಟೇ ತೋರಿಸಿದ್ದರೆ ಅರ್ಧ ಕಲಿತು ಇಲ್ಲೇ ಉಳಿಯುತ್ತಿದ್ದಳೇನೋ, ಪಕ್ಕದ ಕುರ್ಚಿ ಖಾಲಿಯೇ ಇತ್ತು.

"ನಾ ಎಲ್ಲಿ ಕೂಡ್ಲಿರಿ ಮೇಡಂ?" ಎಂದು ಕೇಳಿದಳು.

ಬಳೆಗಳ ನಡುವೆ ಸಿಕ್ಕಿಸಿದ್ದ ಟಿಕೇಟು ಮುಟ್ಟಿ ನೋಡಿಕೊಂಡೆ. ಆಮೇಲೆ ಕಿಟಕಿಯಾಚೆಯ ಬೆಂಚು ತೋರಿಸಿದೆ.